ಕು, ಮೊ, ಹ: ಮೂರಕ್ಷರದೊಳಗೆ ಇಡೀ ಒಂದು ರೈಲು

ಜಪಾನಿನ ಹಳೆಯ ಲೋಕಲ್ ರೈಲೊಂದರ ಪಕ್ಕ ನಿಂತು ಕಿಟಕಿಗಳಿಂದ ಸ್ವಲ್ಪ ಕೆಳಗೆ ಕಣ್ಣು ಹಾಯಿಸಿದರೆ, ಬೋಗಿಯ ಮೈಮೇಲೆ ಪುಟ್ಟದಾಗಿ ಬರೆದ ಮೂರು ಅಕ್ಷರ ಸಿಗುತ್ತವೆ: ಕು, ಮೊ, ಹ. ಪಕ್ಕದಲ್ಲಿ 103 ಎಂಬ ಅಂಕಿ. ಆಮೇಲೊಂದು ಅಡ್ಡಗೀಟು, ಅದರಾಚೆ ಇನ್ನೊಂದು ಸಂಖ್ಯೆ. ಬಾಗಿಲು ತೆರೆಯುತ್ತದೆ, ಜನ ಇಳಿಯುತ್ತಾರೆ, ಜನ ಹತ್ತುತ್ತಾರೆ, ಆ ಮೂರಕ್ಷರದ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಓದಲು ಕಲಿತವರಿಗೆ ಮಾತ್ರ ಅದೇ ಕ್ಷಣದಲ್ಲಿ ಏನೇನು ತಿಳಿದುಬಿಡುತ್ತದೆ ಗೊತ್ತೇ? ಈ ಬೋಗಿಯ ತುದಿಯಲ್ಲಿ ಡ್ರೈವರ್ ಕೂರುವ ಕೋಣೆಯಿದೆ. ಗಾಲಿ ತಿರುಗಿಸುವ ಮೋಟಾರು ಇದರ ಅಡಿಯಲ್ಲೇ ಇದೆ. ಒಳಗಿರುವುದು ಸಾಮಾನ್ಯ ದರ್ಜೆಯ ಸೀಟು. ಇದು ಡಿಸಿ ವಿದ್ಯುತ್ತಿನ ತಂತಿಯ ಕೆಳಗೆ ಓಡುತ್ತದೆ. ನಗರದ ದಿನನಿತ್ಯದ ಓಡಾಟಕ್ಕೆಂದೇ ಕಟ್ಟಿದ ಗಾಡಿ. ಮತ್ತು ಇದು ಒಂಟಿಯಲ್ಲ, ಪಕ್ಕದ ಬೋಗಿಯೇ ಇದರ ಜೊತೆಗಾರ, ಅದರ ಮೈಮೇಲೆ 102 ಎಂದಿರಲೇಬೇಕು! ಪಕ್ಕಕ್ಕೆ ಹೋಗಿ ನೋಡಿದರೆ ಹೌದು, 102.

ಮೂರಕ್ಷರ, ಮೂರಂಕಿ. ಇಷ್ಟನ್ನು ಇಷ್ಟರಲ್ಲಿ ಅಡಗಿಸಿದವರು ಯಾರು, ಯಾಕೆ, ಹೇಗೆ ಎಂದು ಹುಡುಕುತ್ತ ಹೋದ ಹಾಗೆಲ್ಲ ನನ್ನ ಬೆರಗು ಹೆಚ್ಚುತ್ತಲೇ ಹೋಯಿತು. ಜಪಾನ್ ಎಂಬ ದೇಶಕ್ಕೆ ಆದದ್ದೆಲ್ಲವೂ, ಅದರ ಅಂತಸ್ತು, ಯುದ್ಧ, ದುರಂತ, ವೇಗ, ಒಡೆದು ಹಂಚಿಹೋದ ರೈಲ್ವೆ, ಎಲ್ಲವೂ ಬಂದು ಈ ಪುಟ್ಟ ಬರಹದಲ್ಲಿ ದಾಖಲಾಗಿದೆ.

ಎಂಜಿನ್ ಎಲ್ಲಿ?

ಮೊದಲು ಒಂದು ಸಂಗತಿ. ನಾವು ರೈಲು ಎಂದೊಡನೆ ಮುಂದೆ ಎಂಜಿನ್, ಹಿಂದೆ ಸಾಲಾಗಿ ಬೋಗಿಗಳು ಎಂದುಕೊಳ್ಳುತ್ತೇವೆ. ಎಳೆಯುವುದು ಒಂದು, ಎಳೆಸಿಕೊಳ್ಳುವುದು ಹಲವು. ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ಬಗೆಯಿದೆ. ಅಲ್ಲಿ ಎಂಜಿನ್ನೇ ಇಲ್ಲ! ಮೋಟಾರುಗಳನ್ನು ಬಿಡಿಬಿಡಿಯಾಗಿ ಪ್ರಯಾಣಿಕರ ಬೋಗಿಗಳ ಅಡಿಗೇ ಹಂಚಿಬಿಡುತ್ತಾರೆ. ನಡುವೆ ಕೆಲವು ಬೋಗಿ ಮೋಟಾರಿಲ್ಲದೆ ಸುಮ್ಮನೆ ಜೊತೆಗೆ ಬರುತ್ತವೆ. ಎರಡೂ ತುದಿಗೆ ಡ್ರೈವರ್ ಕೋಣೆ. ಕೊನೆಯ ನಿಲ್ದಾಣ ಬಂದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತಂದು ಕಟ್ಟುವ ರಗಳೆ ಇಲ್ಲ, ಡ್ರೈವರ್ ಆ ತುದಿಗೆ ನಡೆದು ಹೋದರೆ ಸಾಕು, ರೈಲು ತಿರುಗಿ ಹೊರಡುತ್ತದೆ. ಬೆಂಗಳೂರಿನಿಂದ ಸುತ್ತಲಿನ ಊರುಗಳಿಗೆ ಓಡುವ ಮೆಮು, ಡೆಮು ಗಾಡಿಗಳು, ನಮ್ಮ ಮೆಟ್ರೊ, ವಂದೇ ಭಾರತ್ ಎಲ್ಲವೂ ಈ ಜಾತಿಯವೇ.

ಈ ಬಗೆಯನ್ನು ಜಪಾನಿನಷ್ಟು ಹಚ್ಚಿಕೊಂಡ ದೇಶ ಕಡಿಮೆ. ಒಂದೇ ಭಾರದ ಎಂಜಿನ್ನಿನ ಬದಲು ತೂಕ ಹಂಚಿಹೋದರೆ ಹಳಿಗೂ ಸೇತುವೆಗೂ ಹಗುರ. ಹತ್ತಾರು ಗಾಲಿಗಳು ಒಟ್ಟಿಗೆ ತಿರುಗಿದರೆ ರೈಲು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಆದರೂ ಇದು ಪಟ್ಟಣದ ಸಣ್ಣ ದೂರಕ್ಕೆ ಸರಿ, ದೂರದೂರಿಗೆ ಎಂಜಿನ್ನೇ ಬೇಕು ಎಂದು ಬಹುಕಾಲ ನಂಬಿದ್ದರು. ಹಿದೆಯೊ ಶಿಮಾ ಎಂಬ ಎಂಜಿನಿಯರ್ ಒಪ್ಪಲಿಲ್ಲ. 1950ರಲ್ಲಿ ಟೋಕಿಯೊದಿಂದ ನುಮಾಜುವಿಗೆ ‘80’ರ ಮಾಲಿಕೆಯ ಉದ್ದನೆಯ ವಿದ್ಯುತ್ ರೈಲು ಓಡಿತು. 1958ರ ನವೆಂಬರಿನಲ್ಲಿ ‘ಕೊದಾಮಾ’ ಎಂಬ ರೈಲು ಟೋಕಿಯೊ ಮತ್ತು ಒಸಾಕಾ ನಡುವಿನ ದಾರಿಯನ್ನು 6 ಗಂಟೆ 50 ನಿಮಿಷದಲ್ಲಿ ಮುಗಿಸಿತು. 1964ರ ಅಕ್ಟೋಬರ್ 1ರಂದು ಇದೇ ತತ್ವದ ಮೇಲೆ ಕಟ್ಟಿದ ಶಿಂಕಾನ್ಸೆನ್ ಹೊರಟಾಗ ಜಗತ್ತೇ ಕಣ್ಣರಳಿಸಿತು.

ಈಗ ತೊಡಕು ನೋಡಿ. ಎಂಜಿನ್ ಇರುವ ರೈಲಿನಲ್ಲಿ ಬೋಗಿಗಳೆಲ್ಲ ಹೆಚ್ಚುಕಡಿಮೆ ಒಂದೇ. ಆದರೆ ಎಂಜಿನ್ನನ್ನೇ ಒಡೆದು ಹಂಚಿದ ಮೇಲೆ ಪ್ರತಿ ಬೋಗಿಗೂ ಬೇರೆ ಬೇರೆ ಕೆಲಸ. ಯಾವುದು ಯಾವುದರ ಜೊತೆ ಸೇರಬೇಕು, ಯಾವುದು ತುದಿಯಲ್ಲಿರಬೇಕು, ಯಾವುದನ್ನು ಬೇರ್ಪಡಿಸಿದರೆ ರೈಲೇ ನಿಂತುಹೋಗುತ್ತದೆ? ಶೆಡ್ಡಿನಲ್ಲಿ ದುಡಿಯುವವನಿಗೆ ಬೋಗಿಯ ಮೈ ನೋಡಿದ ಕೂಡಲೇ ಇದು ಗೊತ್ತಾಗಬೇಕು. ಬೋಗಿಯೇ ತನ್ನ ಕೆಲಸವನ್ನು ತಾನೇ ಹೇಳಬೇಕು.

ಅಕ್ಷರಗಳು ಹೇಳುವುದು

ಹಾಗೆ ಹುಟ್ಟಿದ್ದು ಅಕ್ಷರದ ಲೆಕ್ಕ. ‘ಕು’ ಎಂದರೆ ಡ್ರೈವರ್ ಕೋಣೆ ಇದೆ. ‘ಮೊ’ ಎಂದರೆ ಮೋಟಾರು ಇದೆ. ಎರಡೂ ಇದ್ದರೆ ‘ಕುಮೊ’. ಎರಡೂ ಇಲ್ಲದೆ ನಡುವೆ ಸೇರಿಕೊಂಡು ಬರುವ ಬೋಗಿ ‘ಸ’. ನಮ್ಮ ಲಿಪಿಯ ಹಾಗೆ ಜಪಾನಿನ ಕಾನಾ ಲಿಪಿಯಲ್ಲೂ ವ್ಯಂಜನ, ಸ್ವರ ಎರಡೂ ಸೇರಿ ಒಂದೇ ಅಕ್ಷರ, ಹಾಗಾಗಿ ಕನ್ನಡದಲ್ಲಿ ಬರೆದರೂ ಈ ಸಂಕೇತಗಳು ಒಂದಿಷ್ಟೂ ಉದ್ದವಾಗುವುದಿಲ್ಲ.

ಟೋಕಿಯೊದ ಯಾಮಾನೊತೆ ವರ್ತುಲ ಮಾರ್ಗದಲ್ಲಿ ಓಡುತ್ತಿದ್ದ 103 ಮಾಲಿಕೆಯ ಹತ್ತು ಬೋಗಿಯ ರೈಲನ್ನೇ ತೆಗೆದುಕೊಳ್ಳಿ. ಒಂದು ತುದಿಯಿಂದ ಓದುತ್ತ ಬನ್ನಿ: ಕು, ಮೊ, ಮೊ, ಸ, ಮೊ, ಮೊ, ಸ, ಮೊ, ಮೊ, ಕು. ಇಡೀ ರೈಲಿನ ರಚನೆ ಕಣ್ಣ ಮುಂದೆ! ತುದಿಗಳಲ್ಲಿ ಮೋಟಾರಿಲ್ಲದ ಡ್ರೈವರ್ ಬೋಗಿಗಳು, ನಡುವೆ ಮೂರು ಜೋಡಿ ಮೋಟಾರು ಬೋಗಿಗಳು, ಜೋಡಿ ಜೋಡಿಯ ನಡುವೆ ಹಗುರಾದ ‘ಸ’. ಒಟ್ಟು ಹತ್ತರಲ್ಲಿ ಆರು ದುಡಿಯುತ್ತವೆ, ನಾಲ್ಕು ಅವುಗಳ ಬಲದ ಮೇಲೆ ಓಡುತ್ತವೆ. ನೀಲನಕ್ಷೆ ಬೇಡ, ಕೈಪಿಡಿ ಬೇಡ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದರೆ ಸಾಕು.

ಈ ಅಕ್ಷರಗಳ ಬೆನ್ನಿಗೆ ಬರುವ ಅಕ್ಷರ ಒಳಗಿರುವವರ ಬಗ್ಗೆ ಹೇಳುತ್ತದೆ. ಜಪಾನಿನ ಹಳೆಯ ಅಕ್ಷರಮಾಲೆಯ ಕ್ರಮ ‘ಇ, ರೊ, ಹ’ ಎಂದು ಶುರುವಾಗುತ್ತದೆ. ಆದ್ದರಿಂದ ಮೊದಲ ದರ್ಜೆ ‘ಇ’, ಎರಡನೆಯದು ‘ರೊ’, ಮೂರನೆಯದು ‘ಹ’. ಆದರೆ ದೇಶ ಬದಲಾಯಿತು. 1960ರಲ್ಲಿ ಮೂರು ದರ್ಜೆಗಳು ಎರಡಾದವು, 1969ರಲ್ಲಿ ದರ್ಜೆ ಎಂಬ ಮಾತನ್ನೇ ರೈಲ್ವೆ ಕೈಬಿಟ್ಟಿತು. ಹೆಚ್ಚು ಹಣ ಕೊಟ್ಟು ಕೂರುವ ಬೋಗಿ ‘ಗ್ರೀನ್ ಕಾರ್’ ಆಯಿತು. ಟಿಕೆಟ್ಟಿನ ಮೇಲಿಂದ ಮೂರನೇ ದರ್ಜೆ ಅಳಿಸಿಹೋಯಿತು, ಬೋಗಿಯ ಮೈಮೇಲಿನ ‘ಹ’ ಮಾತ್ರ ಇದ್ದಲ್ಲೇ ಉಳಿಯಿತು! ಇಂದಿಗೂ ಟೋಕಿಯೊದಲ್ಲಿ ಕಚೇರಿಗೆ ಹೋಗುವ ಲಕ್ಷಾಂತರ ಮಂದಿ ‘ಹ’ ಬೋಗಿಯಲ್ಲಿ ನಿಂತೇ ಸಾಗುತ್ತಾರೆ, ಪಕ್ಕದ ಎರಡಂತಸ್ತಿನ ಗ್ರೀನ್ ಕಾರಿನ ಮೇಲೆ ‘ಸ-ರೊ’ ಎಂದಿರುತ್ತದೆ.

ಹಾಗಾದರೆ ‘ಇ’ ಏನಾಯಿತು? ಅದು ಹೆಚ್ಚುಕಡಿಮೆ ಮರೆಯಾಗಿತ್ತು. ಅರ್ಧ ಶತಮಾನ ಕಳೆದ ಮೇಲೆ 2013ರಲ್ಲಿ ಕ್ಯೂಶೂ ದ್ವೀಪದ ‘ಸೆವೆನ್ ಸ್ಟಾರ್ಸ್’ ಎಂಬ ಐಷಾರಾಮಿ ರೈಲಿನ ಹೊಸ ಬೋಗಿಗಳ ಮೇಲೆ ಮತ್ತೆ ಕಾಣಿಸಿಕೊಂಡಿತು. ಅದು ಎಂಜಿನ್ ಎಳೆಯುವ ರೈಲು. 2017ರಲ್ಲಿ ಪಶ್ಚಿಮ ಜಪಾನಿನ ‘ಮಿಜುಕಾಜೆ’ ಬಂದಾಗ, ಎಂಜಿನ್ ಎಳೆಯದೆ ತಾನೇ ಓಡುವ ಬೋಗಿಯೊಂದರ ಮೇಲೂ ಬರೆದರು: ಕಿ-ಇ-ತೆ 87. ‘ಕಿ’ ಡೀಸೆಲ್ಲಿನದು, ‘ಇ’ ಮೊದಲ ದರ್ಜೆಯದು, ‘ತೆ’ ಹೊರಗಿನ ನೋಟ ಸವಿಯುತ್ತ ಕೂರಲು ಮಾಡಿದ ಬೋಗಿಯದು. ಐವತ್ತು ವರ್ಷ ಬಹುತೇಕ ಬೇಡವಾಗಿದ್ದ ಅಕ್ಷರಕ್ಕೆ ಅದರ ಜಾಗ ಕಾದೇ ಇತ್ತು!

ಇನ್ನೂ ಇವೆ. ‘ನೆ’ ಇದ್ದರೆ ಮಲಗುವ ಬೋಗಿ. ‘ಶಿ’ ಇದ್ದರೆ ಊಟದ ಬೋಗಿ. ‘ಯು’ ಅಂಚೆಗೆ, ‘ನಿ’ ಸಾಮಾನಿಗೆ.

1959: ಅಂಕಿಗಳ ಹೊಸ ಬಾಳು

ಅಕ್ಷರಗಳು ಹಳೆಯವು. ಅಂಕಿಗಳ ಈಗಿನ ವ್ಯವಸ್ಥೆ ಹುಟ್ಟಿದ್ದು 1959ರ ಜೂನ್‌ನಲ್ಲಿ. ಅಲ್ಲಿಯತನಕ ವಿದ್ಯುತ್ ಬೋಗಿಗಳಿಗೆ ಎರಡಂಕಿ. 1950ರ ದಶಕದ ಕೊನೆಗೆ ಹೊಸ ತಂತ್ರಜ್ಞಾನದ ಬೋಗಿಗಳು ಒಂದರ ಹಿಂದೊಂದು ಬರತೊಡಗಿದವು, ಎರಡಂಕಿಯಲ್ಲಿ ಜಾಗ ಸಾಲದಾಯಿತು. ಆಗಿನ ಜಪಾನ್ ರಾಷ್ಟ್ರೀಯ ರೈಲ್ವೆ ಒಂದು ಗೆರೆ ಎಳೆಯಿತು: ಹಳೆಯ ಬಗೆಯವು ಎರಡಂಕಿಯಲ್ಲೇ ಇರಲಿ, ಹೊಸ ಬಗೆಯವಕ್ಕೆಲ್ಲ ಮೂರಂಕಿ. ‘90’ ಎಂದಿದ್ದದ್ದು 101 ಆಯಿತು. ಕೊದಾಮಾ ರೈಲಿನ ‘20’ ಹೋಗಿ 151 ಆಯಿತು. ‘ಕುಮೊ’ ಎಂಬ ಜೋಡಕ್ಷರ ಬಂದದ್ದೂ ಆಗಲೇ, ಅದಕ್ಕೆ ಮುಂಚೆ ಡ್ರೈವರ್ ಕೋಣೆ ಇದ್ದರೂ ಇಲ್ಲದಿದ್ದರೂ ಮೋಟಾರು ಬೋಗಿ ಬರೀ ‘ಮೊ’.

ಈ ಮೂರಂಕಿಯ ಒಳಗನ್ನು ಬಿಡಿಸಿ ನೋಡಬೇಕು. ನೂರರ ಸ್ಥಾನದ ಅಂಕಿ ವಿದ್ಯುತ್ತನ್ನು ಹೇಳುತ್ತದೆ: 1, 2, 3 ಇದ್ದರೆ ಡಿಸಿ. 4, 5 ಇದ್ದರೆ ಎಸಿ, ಡಿಸಿ ಎರಡರಲ್ಲೂ ಓಡುತ್ತದೆ. 7, 8 ಇದ್ದರೆ ಎಸಿ ಮಾತ್ರ. ಹತ್ತರ ಸ್ಥಾನ ರೈಲಿನ ಉದ್ಯೋಗವನ್ನು ಹೇಳುತ್ತದೆ: 0ಯಿಂದ 3ರವರೆಗೆ ನಗರ ಮತ್ತು ಸುತ್ತಮುತ್ತಲ ಓಡಾಟ, 5ರಿಂದ 8ರವರೆಗೆ ಎಕ್ಸ್‌ಪ್ರೆಸ್, ಅದರಲ್ಲೂ 8 ಅತಿವೇಗದ್ದು. 9 ಎಂದರೆ ಪ್ರಯೋಗದ ಗಾಡಿ. ಹೀಗೆ 115 ನೋಡಿದರೆ ಡಿಸಿಯಲ್ಲಿ ಓಡುವ ಹೊರವಲಯದ ಲೋಕಲ್. 485 ನೋಡಿದರೆ ಎರಡೂ ವಿದ್ಯುತ್ತಿನಲ್ಲಿ ಓಡುವ ಅತಿವೇಗದ ಎಕ್ಸ್‌ಪ್ರೆಸ್. ರೈಲನ್ನೇ ಕಾಣದವನೂ ಹೇಳಬಲ್ಲ!

ಕೊನೆಯ ಅಂಕಿಗೆ ಬಂದಾಗ ನನಗೆ ಮೈ ಜುಮ್ಮೆಂದಿತು. ಮಾಲಿಕೆಯ ಹೆಸರು ಸಾಮಾನ್ಯವಾಗಿ ಬೆಸ ಸಂಖ್ಯೆ: 101, 103, 113, 485. ಸಮಸಂಖ್ಯೆಗಳು ಎಲ್ಲಿ ಹೋದವು? ಅವು ರೈಲಿನ ಒಳಗೇ ಇವೆ. ಎರಡು ಮೋಟಾರು ಬೋಗಿಗಳನ್ನು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳ ಹಾಗೆ ಕೂಡಿಸಿ, ಒಂದಕ್ಕೆ ಬೆಸ, ಇನ್ನೊಂದಕ್ಕೆ ಅದರ ಕೆಳಗಿನ ಸಮಸಂಖ್ಯೆ ಕೊಟ್ಟಿದ್ದಾರೆ. ‘ಮೊ-ಹ 103’ರ ನೆತ್ತಿಯ ಮೇಲೆ ತಂತಿಯಿಂದ ವಿದ್ಯುತ್ ಸೆಳೆಯುವ ಪ್ಯಾಂಟೋಗ್ರಾಫ್, ಅಡಿಯಲ್ಲಿ ಮೋಟಾರುಗಳನ್ನು ಹತೋಟಿಯಲ್ಲಿಡುವ ಸಾಧನ. ‘ಮೊ-ಹ 102’ರ ಅಡಿಯಲ್ಲಿ ಬ್ರೇಕಿಗೆ ಬೇಕಾದ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್, ದೀಪಕ್ಕೂ ಫ್ಯಾನಿಗೂ ವಿದ್ಯುತ್ ಒದಗಿಸುವ ಜನರೇಟರ್. ಎರಡರಲ್ಲೂ ನಾಲ್ಕು ನಾಲ್ಕು ಮೋಟಾರು, ಎಂಟಕ್ಕೂ ಸೇರಿ ಒಂದೇ ಹತೋಟಿ. ಎಲ್ಲ ಸಾಮಾನನ್ನೂ ಪ್ರತಿ ಬೋಗಿಗೂ ತುಂಬುವುದಕ್ಕಿಂತ ಹೀಗೆ ಹಂಚಿಕೊಂಡರೆ ತೂಕವೂ ಉಳಿಯಿತು, ಹಣವೂ ಉಳಿಯಿತು. 102 ಇಲ್ಲದೆ 103ಕ್ಕೆ ಗಾಳಿಯಿಲ್ಲ, 103 ಇಲ್ಲದೆ 102ಕ್ಕೆ ವಿದ್ಯುತ್ತಿಲ್ಲ. ಒಂದೇ ಒಂದು ಅಂಕಿಯ ಅಂತರದಲ್ಲಿ ಈ ಪರಸ್ಪರ ಅವಲಂಬನೆಯನ್ನು ಬರೆದಿಟ್ಟಿದ್ದಾರೆ.

103ರ ಮಾಲಿಕೆಯ ಬೋಗಿಗಳು 1963ರಿಂದ 1984ರವರೆಗೆ ತಯಾರಾದವು, ಒಟ್ಟು 3,447. ಯಾಮಾನೊತೆಗೆ ಎಳೆಹಸಿರು, ಚೂಒ ಮಾರ್ಗಕ್ಕೆ ಕಿತ್ತಳೆ, ಕೇಹಿನ್–ತೊಹೊಕು ಮಾರ್ಗಕ್ಕೆ ಆಕಾಶನೀಲಿ, ಸೋಬು ಮಾರ್ಗಕ್ಕೆ ಹಳದಿ. ಒಂದು ತಲೆಮಾರಿಗೆ ಟೋಕಿಯೊ ಎಂದರೆ ಈ ಬಣ್ಣಗಳೇ.

ಒಂದು ದೇಶ, ಎರಡು ವಿದ್ಯುತ್

481, 483, 485. ಮೇಲ್ನೋಟಕ್ಕೆ ಒಂದೇ ರೈಲಿನ ಮೂರು ಆವೃತ್ತಿ. ಆದರೆ ಈ ಮೂರು ಸಂಖ್ಯೆಯ ಬೇರು ಹತ್ತೊಂಬತ್ತನೇ ಶತಮಾನದಲ್ಲಿದೆ! 1890ರ ದಶಕದಲ್ಲಿ ಟೋಕಿಯೊದ ವಿದ್ಯುತ್ ಕಂಪನಿ ಜರ್ಮನಿಯಿಂದ 50 ಹರ್ಟ್ಜ್‌ನ ಜನರೇಟರ್ ತರಿಸಿತು. ಒಸಾಕಾದ ಕಂಪನಿ ಅಮೆರಿಕದಿಂದ 60 ಹರ್ಟ್ಜ್‌ನದನ್ನು ತರಿಸಿತು. ಎರಡೂ ಬೆಳೆದವು, ಹಬ್ಬಿದವು, ಕಡೆಗೆ ದೇಶವೇ ಎರಡು ಭಾಗವಾಯಿತು. ಇಂದಿಗೂ ಫುಜಿ ನದಿಯ ಪೂರ್ವಕ್ಕೆ 50, ಪಶ್ಚಿಮಕ್ಕೆ 60.

ರೈಲ್ವೆ ಎಸಿ ವಿದ್ಯುತ್ತಿಗೆ ಕೈ ಹಾಕಿದಾಗ ಈ ಹಳೆಯ ಖರೀದಿ ಎದುರು ಬಂದು ನಿಂತಿತು. ದೇಶದ ಪಶ್ಚಿಮ ಭಾಗದ ಮಾರ್ಗಗಳಿಗೆಂದು 1964ರಲ್ಲಿ ಬಂದ 481, ಡಿಸಿಯಲ್ಲೂ 60 ಹರ್ಟ್ಜ್‌ನಲ್ಲೂ ಓಡಬಲ್ಲದು. ಟೋಕಿಯೊದಿಂದ ಉತ್ತರಕ್ಕೆ ಹೋಗಲು 1965ರಲ್ಲಿ ಬಂದ 483, ಡಿಸಿಯಲ್ಲೂ 50ರಲ್ಲೂ. 1968ರಲ್ಲಿ ಬಂದ 485ಕ್ಕೆ ಮೂರೂ ಒಂದೇ. ಸೆಂದಾಯಿಯಿಂದ ಕ್ಯೂಶೂವರೆಗೆ ಎಲ್ಲಿ ತಂತಿ ಎಳೆದಿದ್ದರೂ ಓಡೀತು. ಎರಡು ಕಂಪನಿಗಳು ಏಳು ದಶಕದ ಹಿಂದೆ ಮಾಡಿದ ಆಯ್ಕೆಯನ್ನು ಮೂರು ಬೆಸ ಅಂಕಿಗಳು ಮೆಟ್ಟಿಲೇರಿ ದಾಟಿದವು.

ಅದೇ 1968ರಲ್ಲಿ 583 ಕೂಡ ಬಂತು, ಮೂರೂ ವಿದ್ಯುತ್ತಿನಲ್ಲಿ ಓಡುವ ಇನ್ನೊಂದು ಅದ್ಭುತ. ಅದರ ಬೋಗಿಯ ಮೇಲೆ ಬರೆದದ್ದು ‘ಮೊ-ಹ-ನೆ 583’. ಮೋಟಾರಿನ ಬೋಗಿ, ಸಾಮಾನ್ಯ ದರ್ಜೆ, ಮಲಗುವ ವ್ಯವಸ್ಥೆ. ಹಗಲು ಅದರಲ್ಲಿ ಎದುರುಬದುರು ಸೀಟು, ರಾತ್ರಿ ಅದೇ ಸೀಟುಗಳು ಜೋಡಿಕೊಂಡು ಮೇಲೆ ಕೆಳಗೆ ಮೂರು ಹಂತದ ಬರ್ತ್. ಹಗಲೂ ರಾತ್ರಿಯೂ ಬಿಡುವಿಲ್ಲದೆ ದುಡಿದ ರೈಲು.

63 ಎಂಬ ಸಂಖ್ಯೆ

ಸಂತೋಷದ ಕಥೆಗಳಷ್ಟೇ ಇದ್ದಿದ್ದರೆ ಈ ಅಂಕಿಗಳನ್ನು ನಾನು ಇಷ್ಟು ಗೌರವದಿಂದ ನೋಡುತ್ತಿರಲಿಲ್ಲ.

‘ಮೊ-ಹ 63’ ಯುದ್ಧಕಾಲದ ಕೂಸು. 1944ರಿಂದ, ಲೋಹ ಸಿಗದ, ಗಾಜು ಸಿಗದ ದಿನಗಳಲ್ಲಿ ಆದಷ್ಟು ಕಡಿಮೆ ಸಾಮಗ್ರಿಯಲ್ಲಿ ಆದಷ್ಟು ಹೆಚ್ಚು ಜನರನ್ನು ಸಾಗಿಸಲು ಕಟ್ಟಿದ ಬೋಗಿ. ಕಿಟಕಿಯನ್ನು ಮೂರು ಪಟ್ಟಿಯಾಗಿ ಮಾಡಿ ನಡುವಿನದನ್ನು ಅಲ್ಲಾಡದಂತೆ ಕೂರಿಸಿದ್ದರು. 1951ರ ಏಪ್ರಿಲ್ 24ರಂದು ಯೊಕೊಹಾಮಾದ ಸಾಕುರಾಗಿಚೊ ನಿಲ್ದಾಣಕ್ಕೆ ಬರುತ್ತಿದ್ದ ರೈಲಿನ ಪ್ಯಾಂಟೋಗ್ರಾಫ್ ಕಡಿದು ಜೋತುಬಿದ್ದಿದ್ದ ತಂತಿಗೆ ಸಿಕ್ಕಿಕೊಂಡಿತು. ಕಿಡಿ ಹಾರಿ ಬೋಗಿಗೆ ಬೆಂಕಿ ಹತ್ತಿತು. ಬಾಗಿಲು ತೆರೆಯುವುದು ಹೇಗೆಂದು ಒಳಗಿದ್ದವರಿಗೆ ಗೊತ್ತಿರಲಿಲ್ಲ. ಪಕ್ಕದ ಬೋಗಿಗೆ ಹೋಗುವ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು, ನೂಕುನುಗ್ಗಲಿನಲ್ಲಿ ಅದು ತೆರೆಯಲಿಲ್ಲ. ಕಿಟಕಿಯ ಸಂದಿಯಲ್ಲಿ ಮೈ ತೂರುತ್ತಿರಲಿಲ್ಲ. 106 ಜನ ಸತ್ತರು.

ಆಮೇಲೆ ಆ ಜಾತಿಯ ಬೋಗಿಗಳನ್ನೆಲ್ಲ ಕಾರ್ಖಾನೆಗೆ ಒಯ್ದು ಕಿಟಕಿ ಬದಲಿಸಿದರು, ಬೋಗಿಯಿಂದ ಬೋಗಿಗೆ ದಾರಿ ಮಾಡಿದರು, ಆಪತ್ತಿನಲ್ಲಿ ಪ್ರಯಾಣಿಕರೇ ಬಾಗಿಲು ತೆರೆಯುವ ಹಿಡಿ ಎಲ್ಲಿದೆಯೆಂದು ಕಾಣುವಂತೆ ಬರೆದರು. ಸರಿಪಡಿಸಿ ಹೊರಬಂದ ಬೋಗಿಗಳಿಗೆ ಹೊಸ ಸಂಖ್ಯೆ: 72, 73. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಆ ಅಂಕಿ ಒಂದು ಭರವಸೆ, ಈ ಬೋಗಿಯನ್ನು ಸರಿಪಡಿಸಲಾಗಿದೆ ಎಂದು. ಪ್ರಾಣ ತೆತ್ತು ಕಲಿತ ಪಾಠವನ್ನು ಬೋಗಿಯ ಮೈಮೇಲೆಯೇ ಬರೆದ ಹಾಗಾಯಿತು. ಮೂಲ 63ರ ಒಂದು ಬೋಗಿಯನ್ನು ನಗೋಯಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟಿದ್ದಾರೆ.

ಸೊನ್ನೆಯಿಂದ ಶುರು

ಶಿಂಕಾನ್ಸೆನ್‌ನ ಬೋಗಿಗಳ ಮೇಲೆ ಕಾನಾ ಅಕ್ಷರವೇ ಇಲ್ಲ. ಎಲ್ಲ ಅಂಕಿಯಲ್ಲೇ. ಮೊದಲ ಶಿಂಕಾನ್ಸೆನ್‌ಗೆ ಆಗ ಮಾಲಿಕೆಯ ಹೆಸರೂ ಇರಲಿಲ್ಲ, ಇದ್ದದ್ದೇ ಒಂದು ಬಗೆ! ಬೋಗಿಗಳಿಗೆ ಎರಡಂಕಿ: 21 ಮತ್ತು 22 ಎರಡು ತುದಿಯ ಡ್ರೈವರ್ ಬೋಗಿಗಳು, 25 ಮತ್ತು 26 ನಡುವಿನವು. ಹತ್ತರ ಸ್ಥಾನದಲ್ಲಿ 1 ಇದ್ದರೆ ದುಬಾರಿ ಸೀಟು, 2 ಇದ್ದರೆ ಸಾಮಾನ್ಯ, 3 ಇದ್ದರೆ ತಿಂಡಿ ಊಟದ ಬೋಗಿ. ಇಲ್ಲಿಯೂ ಬೆಸ ಮತ್ತು ಸಮ ಜೋಡಿ. ಮುಂದೆ ಉತ್ತರದ ಮಾರ್ಗಕ್ಕೆ 200 ಎಂಬ ಮಾಲಿಕೆ ಬಂದಾಗ ಹಳೆಯದನ್ನು ಕರೆಯಲೊಂದು ಹೆಸರು ಬೇಕಾಯಿತು. ನೂರರ ಸ್ಥಾನದಲ್ಲಿ ಏನೂ ಇಲ್ಲವಲ್ಲ, ಹಾಗಾಗಿ ಸೊನ್ನೆ. ‘0 ಮಾಲಿಕೆ’! ಇಂಗ್ಲೆಂಡಿನ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಶಿಂಕಾನ್ಸೆನ್ ಬೋಗಿಯ ಸಂಖ್ಯೆ 22-141. ಈಗ ನೀವೇ ಓದಬಲ್ಲಿರಿ: ಸೊನ್ನೆಯ ಕುಟುಂಬ, ಸಾಮಾನ್ಯ ದರ್ಜೆ, ತುದಿಯ ಬೋಗಿ, ಜೋಡಿಯಲ್ಲಿ ಸಮದ್ದು.

200 ಓಡಲು ಶುರುವಾದದ್ದು 1982ರಲ್ಲಿ, 100 ಬಂದದ್ದು 1985ರಲ್ಲಿ. ತಂಗಿಗಿಂತ ಅಕ್ಕ ಆಮೇಲೆ ಹುಟ್ಟಿದ್ದು ಹೇಗೆ? ಟೋಕಿಯೊದಿಂದ ಪಶ್ಚಿಮಕ್ಕೆ ಹೋಗುವ ಮಾರ್ಗಕ್ಕೆ ಬೆಸ ನೂರು, ಉತ್ತರಕ್ಕೆ ಹೋಗುವ ಮಾರ್ಗಕ್ಕೆ ಸಮ ನೂರು ಎಂದು ಮೊದಲೇ ಹಂಚಿಟ್ಟಿದ್ದರು. 9 ಇಲ್ಲಿಯೂ ಪ್ರಯೋಗಕ್ಕೆ, ಪರೀಕ್ಷೆಗೆ ಮೀಸಲು. ಹಳಿ ಮತ್ತು ತಂತಿಯ ಆರೋಗ್ಯ ನೋಡಲು ಓಡುವ, ಕಂಡವರಿಗೆ ಅದೃಷ್ಟ ಎಂದು ಮಕ್ಕಳು ನಂಬುವ ಹಳದಿ ‘ಡಾಕ್ಟರ್ ಯೆಲ್ಲೊ’ದ ಸಂಖ್ಯೆ 923.

1987ರ ಏಪ್ರಿಲ್ 1ರಂದು ರಾಷ್ಟ್ರೀಯ ರೈಲ್ವೆ ಒಡೆದು ಆರು ಪ್ರಯಾಣಿಕ ಕಂಪನಿ ಮತ್ತು ಒಂದು ಸರಕು ಕಂಪನಿ ಆಯಿತು. ಆ ಒಡಕೂ ಬೋಗಿಯ ಮೇಲೆ ಬಂತು. ಪೂರ್ವದ ಕಂಪನಿ 1990ರ ದಶಕದಲ್ಲಿ ತನ್ನ ಸಂಖ್ಯೆಗಳ ಮುಂದೆ ‘ಇ’ ಎಂಬ ಇಂಗ್ಲಿಷ್ ಅಕ್ಷರ ಸೇರಿಸಿತು. ಶಿಕೊಕು ದ್ವೀಪದ ಕಂಪನಿ ಹಳೆಯ ಅಕ್ಷರಗಳನ್ನೇ ಬಿಟ್ಟು ಹೊಸ ಗಾಡಿಗಳಿಗೆ ನಾಲ್ಕಂಕಿ ಹಿಡಿಯಿತು. ಶಿಂಕಾನ್ಸೆನ್‌ನ ನೂರುಗಳು 800ರವರೆಗೆ ಹೋದರೂ ನಡುವಿನ 600 ಮಾತ್ರ ಹುಟ್ಟಲೇ ಇಲ್ಲ, ಅದಾಗಬೇಕಿದ್ದ ಎರಡಂತಸ್ತಿನ ರೈಲು 1994ರಲ್ಲಿ ಇ1 ಆಗಿ ಬಂತು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಸುದ್ದಿಯಲ್ಲಿ ನಾವು ಓದಿದ ಇ5 ಅದೇ ವಂಶದ್ದು.

ನಮ್ಮ ಕಡೆಯ ಲೆಕ್ಕ ಬೇರೆ, ಅದೂ ಚೆಂದವೇ. ಮೆಮುವಿನ ಮೋಟಾರು ಮತ್ತು ಡ್ರೈವರ್ ಇರುವ ಬೋಗಿ ಡಿಎಂಸಿ, ಜೊತೆಗೆ ಬರುವವು ಟಿಸಿ. ನಮ್ಮ ಕೋಚುಗಳ ಸಂಖ್ಯೆಯ ಮೊದಲ ಎರಡಂಕಿ ಅವು ತಯಾರಾದ ವರ್ಷ. ಚೆನ್ನೈನ ಐಸಿಎಫ್ 2018ರಲ್ಲಿ ಕಟ್ಟಿದ ವಂದೇ ಭಾರತ್‌ನ ಮೊದಲ ಹೆಸರೂ ‘ಟ್ರೈನ್ 18’. ಓಡುವ ರೈಲಿಗೆ 2010ರ ಡಿಸೆಂಬರಿನಿಂದ ಐದಂಕಿ: 6ರಿಂದ ಶುರುವಾದರೆ ಮೆಮು, 7ರಿಂದಾದರೆ ಡೆಮು. ನಮ್ಮ ಕೋಚು ತನ್ನ ವಯಸ್ಸು ಹೇಳುತ್ತದೆ, ಜಪಾನಿನದು ತನ್ನ ದುಡಿಮೆ ಹೇಳುತ್ತದೆ.

ಹತ್ತನೇ ಬೋಗಿಯ ಗುಟ್ಟು

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರು ಇಂದಿನ ಯಾಮಾನೊತೆಯಲ್ಲೇ ಒಮ್ಮೆ ಹತ್ತನೇ ಬೋಗಿಯ ಸಂಖ್ಯೆ ನೋಡಬೇಕು. ರೈಲು ಇ235, ಹನ್ನೊಂದು ಬೋಗಿ, ಒಳಗೆಲ್ಲ ಹೊಳೆಯುವ ಪರದೆಗಳು. ಆದರೆ ಬಹುಪಾಲು ರೈಲುಗಳಲ್ಲಿ ಹತ್ತನೆಯದರ ಮೇಲೆ ಮಾತ್ರ ‘ಸ-ಹ ಇ235’ ಆದಮೇಲೆ ಬರುವ ಅಂಕಿ 4600ರ ಮೇಲಿನದು. ಯಾಕೆ? ಅದು ಹಿಂದಿನ ರೈಲಾದ ಇ231ರಿಂದ ಬಂದದ್ದು! ಹಳೆಯ ರೈಲು ಯಾಮಾನೊತೆ ಬಿಟ್ಟಾಗ ಇನ್ನೂ ಹೊಸದಾಗಿದ್ದ ಈ ಬೋಗಿಯನ್ನು ಉಳಿಸಿ, ಮಾರ್ಪಡಿಸಿ, ಹೊಸ ಕುಟುಂಬಕ್ಕೆ ಸೇರಿಸಿದರು. ಒಂದೇ ಪ್ಲಾಟ್‌ಫಾರ್ಮನ್ನು ಅಕ್ಕಪಕ್ಕದ ಕೇಹಿನ್–ತೊಹೊಕು ಮಾರ್ಗದ ರೈಲೂ ಬಳಸಬೇಕಾಗಿ ಬಂದರೆ ಅದರ ತುದಿ ಬೋಗಿಯ ಬಾಗಿಲಿನ ಸ್ಥಾನ ಹೊಂದಿಕೆಯಾಗಲೆಂದು ಈ ಬೋಗಿಯ ಬಾಗಿಲನ್ನು ಬೇರೆ ರೀತಿ ಇಟ್ಟಿದ್ದರು. ಆ ವಿಶೇಷವನ್ನೂ, ಅದು ಬಂದ ಮನೆಯನ್ನೂ 4600 ಎಂಬ ಅಂಕಿ ಮರೆಯದೆ ಹೊತ್ತುಕೊಂಡು ಬಂತು.

ಹೊಸ ಇಂಧನಕ್ಕೂ ಹಳೆಯ ಅಂಕಿ

ಡೀಸೆಲ್ ಬೋಗಿಗಳ ‘ಕಿ-ಹ’ ಕುಟುಂಬಕ್ಕೂ ಅದರದೇ ವ್ಯಾಕರಣ. ‘ಕಿ-ಹ 40’ಕ್ಕೆ ಎರಡೂ ತುದಿಯಲ್ಲಿ ಡ್ರೈವರ್ ಕೋಣೆ, ಒಂದೇ ಬೋಗಿ ಒಂಟಿಯಾಗಿ ಹಳ್ಳಿಗೆ ಹೋಗಿ ಬರಬಲ್ಲದು. ‘ಕಿ-ಹ 47’ಕ್ಕೆ ಒಂದೇ ಕಡೆ. ಕೊನೆಯ ಅಂಕಿ 0ಯಿಂದ 4 ಇದ್ದರೆ ಎರಡು ಕೋಣೆ, 5ರಿಂದ 9 ಇದ್ದರೆ ಒಂದು. 2022ರಲ್ಲಿ ‘ಹಿದಾ’ ಎಂಬ ರೈಲಿಗೆಂದು ಬಂದ ಎಚ್‌ಸಿ85ರ ಅಡಿಯಲ್ಲಿ ಡೀಸೆಲ್ ಎಂಜಿನ್ ಇದ್ದೇ ಇದೆ. ಆದರೆ ಅದು ವಿದ್ಯುತ್ ತಯಾರಿಸುತ್ತದೆ ಅಷ್ಟೇ, ಗಾಲಿ ತಿರುಗಿಸುವುದು ಮೋಟಾರು. ಹಾಗಾಗಿ ‘ಕಿ’ ಬಿಟ್ಟು ಬರೆದರು: ಕು-ಮೊ-ಹ 85, ಮೊ-ಹ 84. ಮತ್ತೆ ಬೆಸ, ಮತ್ತೆ ಸಮ!

ಬ್ಯಾಟರಿ ರೈಲುಗಳನ್ನು ನೋಡಿ. ಪೂರ್ವದ ಕಂಪನಿ 2014ರಲ್ಲಿ ತೊಚಿಗಿ ಪ್ರಾಂತ್ಯದಲ್ಲಿ ಓಡಿಸಿದ್ದು ಇವಿ-ಇ301. ಅದು ಡಿಸಿ ತಂತಿಯಿಂದ ಚಾರ್ಜ್ ಆಗುತ್ತದೆ, ಆದ್ದರಿಂದ 3. 2017ರಲ್ಲಿ ಅಕಿತಾದಲ್ಲಿ ಓಡಿಸಿದ್ದು ಇವಿ-ಇ801. ಅದು ಎಸಿ ತಂತಿಯಿಂದ ಚಾರ್ಜ್ ಆಗುತ್ತದೆ, ಆದ್ದರಿಂದ 8. ಬ್ಯಾಟರಿಯಲ್ಲಿ ಓಡುವ ರೈಲನ್ನು ಕನಸಿನಲ್ಲೂ ಕಂಡಿರದವರು 1959ರಲ್ಲಿ ಬರೆದ ನಿಯಮ ಅದಕ್ಕೂ ಸರಿಹೊಂದಿತು.

2022ರಲ್ಲಿ ಅದೇ ಕಂಪನಿ ಹೈಡ್ರೋಜನ್ ರೈಲೊಂದನ್ನು ಕವಾಸಾಕಿಯ ಸುತ್ತಮುತ್ತ ಹಳಿಗಿಳಿಸಿತು. ಎರಡು ಬೋಗಿ: ಎಫ್‌ವಿ-ಇ991 ಮತ್ತು ಎಫ್‌ವಿ-ಇ990. ಈ ಸಂಖ್ಯೆಯನ್ನು ಇನ್ನು ಯಾರೂ ನಿಮಗೆ ಬಿಡಿಸಿ ಹೇಳಬೇಕಿಲ್ಲ. 9 ಎಂದರೆ ಪ್ರಯೋಗ. 1 ಮತ್ತು 0 ಎಂದರೆ ಒಂದನ್ನೊಂದು ಬಿಟ್ಟಿರಲಾಗದ ಜೋಡಿ. ನಾಳೆ ಆ ಪ್ರಯೋಗ ಗೆದ್ದು ಜನರನ್ನು ಹೊತ್ತು ಓಡುವ ದಿನ ಮೊದಲಿನ 9 ಹೋಗಬೇಕು, ಇನ್ನೊಂದು ಅಂಕಿ ಬರಬೇಕು. ತಂತಿಯೇ ಬೇಕಿಲ್ಲದ ರೈಲಿಗೆ ಡಿಸಿಯ 3 ಕೊಡುವರೋ, ಎಸಿಯ 8 ಕೊಡುವರೋ, ಯಾರೂ ಮುಟ್ಟದ ಹೊಸ ಜಾಗವೊಂದನ್ನು ತೆರೆಯುವರೋ? ಆ ಒಂದಂಕಿಗಾಗಿ ನಾನು ಕಾಯುತ್ತಿದ್ದೇನೆ. ಅರವತ್ತಕ್ಕೂ ಹೆಚ್ಚು ವರ್ಷ ಬಂದದ್ದಕ್ಕೆಲ್ಲ ಜಾಗ ಕೊಟ್ಟ ಈ ಪುಟ್ಟ ವ್ಯವಸ್ಥೆ ಅದಕ್ಕೂ ಜಾಗ ಮಾಡಿಕೊಡುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.